ಸಿನ್ಸ್, ಫಾರ್

ಎಸ್ಪೆರಾನ್ಸಾ ಟೀಚರ್ ಹೇಳಿದ್ದು ಇಷ್ಟೇ:
ಚುಕ್ಕಿಯಾದರೆ ಸಿನ್ಸ್, ಗೆರೆಯಾದರೆ ಫಾರ್.
ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟರು,
ಒಂದು ಗೆರೆ ಎಳೆದರು, ಕೈ ಕೊಡವಿಕೊಂಡರು.
ಹತ್ತು ಬಿಟ್ಟ ಸ್ಥಳ, ಹತ್ತು ಅಂಕ.
ಸೋಮವಾರ ಪ್ರಿಲಿಮ್.

ಝುವಾರಿನಗರದಲ್ಲಿ ಕರೆಂಟು ಹೋದರೆ
ಪಕ್ಕದ ರೋಷನ್‌ಬಿಯ ಇನ್ವರ್ಟರ್ ಬೆಳಕು
ತಗಡಿನ ಸೀಳಿನಿಂದ ನಮ್ಮ ಕಡೆ ಬೀಳುತ್ತದೆ,
ಒಂದು ಸಾಲಿಗೆ ಸಾಲುವಷ್ಟು.
ಬೆಳಕು ಅಲ್ಲೇ ಇರುತ್ತದೆ, ಪುಸ್ತಕವನ್ನೇ ಸರಿಸುತ್ತ ಓದುತ್ತೇನೆ.
ದಾಬೋಳಿಗೆ ಇಳಿವ ವಿಮಾನ ನೆತ್ತಿ ಸವರುವಾಗ
ಓದು ನಿಲ್ಲಿಸಬೇಕು.
ಅವ್ವನ ರೊಟ್ಟಿ ಮಾತ್ರ ಯಾವ ವಿಮಾನಕ್ಕೂ ನಿಲ್ಲುವುದಿಲ್ಲ.

ಒಂದನೆಯದು:
ಮಿಸ್ಟರ್ ಬ್ರೌನ್ ಹ್ಯಾಸ್ ಲಿವ್ಡ್ ಹಿಯರ್, ಡ್ಯಾಶ್, ನೈಂಟೀನ್ ನೈಂಟಿ.
ಚುಕ್ಕಿ. ಸಿನ್ಸ್.
ಎರಡನೆಯದು:
ಅವನ ನಾಯಿ ಮಲಗಿದೆ, ಡ್ಯಾಶ್, ತ್ರೀ ಅವರ್ಸ್.
ಗೆರೆ. ಫಾರ್.
ಮಿಸ್ಟರ್ ಬ್ರೌನನಿಗೆ ಎಲ್ಲ ನೆನಪಿದೆ,
ತಾನು ಬಂದ ವರ್ಷ, ನಾಯಿ ಕಣ್ಣು ಮುಚ್ಚಿದ ಗಳಿಗೆ.
ಯಾರೂ ಕೇಳದಿದ್ದರೂ ಹೇಳುತ್ತಾನೆ.

ಏಳನೆಯದು:
ವಿ ಹ್ಯಾವ್ ಬೀನ್ ಲಿವಿಂಗ್ ಇನ್ ಗೋವಾ, ಡ್ಯಾಶ್, ಡ್ಯಾಶ್.
ಮನೆಯವರನ್ನು ಕೇಳಿ ತುಂಬಿರಿ.

“ಅವ್ವಾ, ನಾವಿಲ್ಲಿಗೆ ಯಾವಾಗ ಬಂದ್ವಿ?”
“ನೀ ಕಂಕುಳಾಗ, ಮೈಲಾರಿ ಹೊಟ್ಟ್ಯಾಗ.
ಬಂದರಿನಾಗ ಹಡಗಿಗೆ ಅದಿರು ತುಂಬತಿದ್ರು.
ನಿಮ್ಮಪ್ಪನ ಅಂಗಿ ಹಿಂಡಿದರ
ಬಚ್ಚಲದಾಗ ಓಕುಳಿ ಹರೀತಿತ್ತು.”
“ವರ್ಷ ಯಾವುದವ್ವಾ?”
“ಅದನ್ನ ಹೇಳಾಕತ್ತೀನಲ್ಲ.”

ಅಪ್ಪ ಮೂಲೆಯಿಂದ:
“ಅದಕೂ ಮದಲ ನಾ ಒಬ್ಬನ ಬಂದಿದ್ದೆ.
ಎರಡು ಸರ್ತಿ ತಿರುಗಿ ಹುನಗುಂದಕ್ಕ ಹೋಗಿದ್ದೆ.
ಹೋದದ್ದನ್ನ ಕಳೀಬೇಕೋ, ಹಂಗ ಬಿಡಬೇಕೋ?”
ನಡುನಡುವೆ ಹರಿದ ಗೆರೆಗೆ ಏನು ಬರೆಯಬೇಕೆಂದು
ಟೀಚರ್ ಹೇಳಿಕೊಟ್ಟಿಲ್ಲ.
ನಮ್ಮ ಮಾತಿನಲ್ಲಾದರೆ ಒಂದೇ ‘ಇಂದ’ ಸಾಕು:
ಊರಿಂದ ಬಂದೆವು, ಅವತ್ತಿಂದ ಇದ್ದೇವೆ,
ಕೈಯಿಂದ ದುಡಿದೆವು.

ಹೋದ ತಿಂಗಳು ಮಾಮ್ಲೇದಾರ ಕಚೇರಿಯಲ್ಲಿಯೂ
ಇದೇ ಪ್ರಶ್ನೆ, ಕೊಂಕಣಿಯಲ್ಲಿ:
ಕೆನ್ನಾ ಸಾವ್ನ್?
ಹದಿನೈದು ವರ್ಷ ತೋರಿಸಿ, ಕಾಗದ ಒಯ್ಯಿರಿ.
ಲೈಟು ಬಿಲ್ಲು ಮಾಲೀಕನ ಹೆಸರಲ್ಲಿ.
ಹಳೆಯ ಕಾರ್ಡು, ಗೋಡೆ ಬಿದ್ದ ಮಳೆಗಾಲದಲ್ಲಿ
ಗೋಡೆಯ ಜೊತೆಗೇ ಹೋಯಿತು.
ನಮ್ಮ ಬಳಿ ಇದ್ದದ್ದು ಒಂದೇ ಚುಕ್ಕಿ:
ಮೈಲಾರಿಯ ಲಸಿಕೆ ಚೀಟಿ, ಚಿಕಾಲಿಂ ದವಾಖಾನೆಯ ಸೀಲು,
ನೀಲಿ ಮಸಿಯ ತಾರೀಖು.

ಗುಮಾಸ್ತ ಬೆರಳೆಣಿಸಿದ. ಮತ್ತೆ ಎಣಿಸಿದ, ಕೆಟ್ಟವನಲ್ಲ.
ಐದು ತಿಂಗಳು ಕಡಿಮೆ.

ಅವ್ವ ಸೆರಗು ಸರಿಮಾಡಿಕೊಂಡು ಕನ್ನಡದಲ್ಲೇ ಕೇಳಿದಳು:
“ಹೊಟ್ಟ್ಯಾಗಿದ್ದ ತಿಂಗಳು ಹಿಡಿಯಂಗಿಲ್ಲೇನ್ರಿ?
ಅವಾಗೂ ಇಲ್ಲೇ ಇದ್ದನಲ್ಲ.”
ಆತ ನನ್ನ ಮುಖ ನೋಡಿದ, ಏನಂತೆ ಎಂದು.
ಸಾಲಿನಲ್ಲಿ ಹಿಂದೆ ನಮ್ಮ ಕ್ಲಾಸಿನ ಶೆರ್ವಿನ್ ನಿಂತಿದ್ದ, ಅವನಪ್ಪನ ಜೊತೆ.
“ಕಾಂಯ್ ನಾ,” ಅಂದೆ ನಾನು. ಏನಿಲ್ಲ.

ಎರಡು ಭಾಷೆಯೂ ಬರುತ್ತಿತ್ತು ನನಗೆ.
ಅವ್ವನಿಗೆ ಇನ್ನೂ ಗೊತ್ತಿಲ್ಲ,
ಆತ ಇಲ್ಲ ಅಂದನೆಂದೇ ತಿಳಿದಿದ್ದಾಳೆ.

ಏಳನೆಯದನ್ನು ಬಿಟ್ಟೆ.
ಬಿಟ್ಟ ಸ್ಥಳ ಬಿಟ್ಟೇ ಇರಲಿ, ಒಂದಂಕ ಹೋಗಲಿ
ಎಂದುಕೊಂಡು, ಮತ್ತೆ ಸಿಟ್ಟು ಬಂದು
ಬರೆದೆ: ಫಾರ್ ಫಿಫ್ಟೀನ್ ಇಯರ್ಸ್.
ಪೆನ್ಸಿಲ್ ಒತ್ತಿ ಬರೆದದ್ದಕ್ಕೆ
ಹಾಳೆಯ ಆಚೆ ಬದಿಗೂ ಮೂಡಿತು.

ಕರೆಂಟು ಬಂತು. ರೋಷನ್‌ಬಿಯ ಗೆರೆ ಅಳಿಸಿಹೋಯಿತು.
“ಏನಾರ ಜೋರಾಗಿ ಓದಬಾರದಾ,” ಎಂದಳು ಅವ್ವ
ಹಂಚಿನ ಮೇಲಿನ ರೊಟ್ಟಿ ಮಗುಚುತ್ತ.

ಎಂಟನೆಯದು ಓದಿದೆ, ಕನ್ನಡ ಮಾಡಿ:
ಮಿಸ್ಟರ್ ಬ್ರೌನ್ ಕೀಲಿಕೈ ಹುಡುಕುತ್ತಿದ್ದಾನೆ
ಬೆಳಿಗ್ಗೆಯಿಂದ.

“ಬೆಳಿಗ್ಗಿಂದಾ?” ಅವ್ವನ ಕೈ ನಿಂತಿತು.
“ಪಾಪ. ಸಿಕ್ತಂತೇನ?”